ಬೆಟ್ಟ ಹತ್ತುವ ನೀರು

ಅಮ್ಮಾನಿನಲ್ಲಿ ನಾವು ಉಳಿದುಕೊಂಡ ಮನೆಯ ಅಡುಗೆಮನೆಯಲ್ಲಿ ಒಂದು ಕ್ಯಾಲೆಂಡರ್ ಇತ್ತು. ಪ್ರತಿ ಮಂಗಳವಾರಕ್ಕೂ ನೀಲಿ ಪೆನ್ನಿನಲ್ಲಿ ಸುತ್ತು ಹಾಕಿತ್ತು. "ನೀರು ಬರೋ ದಿನ" ಎಂದರು ಮನೆಯೊಡತಿ. ಜೋರ್ಡಾನಿನ ಈ ರಾಜಧಾನಿಯಲ್ಲಿ ಹೆಚ್ಚಿನ ಮನೆಗಳಿಗೆ ನಲ್ಲಿ ನೀರು ಬರುವುದು ವಾರಕ್ಕೊಮ್ಮೆ. ಅದಕ್ಕೇ ಯಾವ ಮನೆಯ ತಾರಸಿ ನೋಡಿದರೂ ಸಾಲುಸಾಲು ಟ್ಯಾಂಕುಗಳು, ಪಕ್ಕದಲ್ಲಿ ಸೋಲಾರ್ ಹೀಟರುಗಳು.

ಮೊದಲ ದಿನವೇ ನಾನು ಟೊಮೆಟೊ ತೊಳೆದ ನೀರನ್ನು ಸಿಂಕಿಗೆ ಚೆಲ್ಲಲು ಹೋದೆ. ಆಕೆ ಮೆಲ್ಲಗೆ ನನ್ನ ಕೈ ಹಿಡಿದು, ಪಾತ್ರೆ ತೆಗೆದುಕೊಂಡು ಹೋಗಿ ಬಾಲ್ಕನಿಯ ಪುದೀನ ಕುಂಡಕ್ಕೆ ಹಾಕಿದರು. ಬಟ್ಟೆ ಒಗೆಯುವುದಕ್ಕೂ ಒಂದು ಕ್ರಮ. ಮೊದಲು ಬಿಳಿ ಬಟ್ಟೆ, ಅದೇ ನೀರಿಗೆ ಬಣ್ಣದ್ದು, ಉಳಿದ ಸೋಪಿನ ನೀರಲ್ಲಿ ಮೆಟ್ಟಿಲು ಒರೆಸುವುದು. ಸಂಜೆ ತಾರಸಿಗೆ ಹೋಗಿ ಬೆರಳ ಗೆಣ್ಣಿನಿಂದ ಟ್ಯಾಂಕನ್ನು ಮೇಲಿನಿಂದ ಕೆಳಗೆ ತಟ್ಟುತ್ತಾ ಬರುತ್ತಿದ್ದರು. ಟೊಳ್ಳು ಸದ್ದು ಎಲ್ಲಿ ನಿಲ್ಲುತ್ತದೋ ಅಲ್ಲಿಗೆ ನೀರು.

ಜೋರ್ಡಾನಿನಲ್ಲಿ ವರ್ಷಕ್ಕೆ ತಲೆಗೆ ಸಿಗುವ ನೀರು 100 ಘನ ಮೀಟರಿಗೂ ಕಡಿಮೆ. ಕುಡಿಯುವುದು, ಬೆಳೆಯುವುದು, ಕಾರ್ಖಾನೆ ನಡೆಸುವುದು ಎಲ್ಲಾ ಸೇರಿ ಇಷ್ಟೇ. 500 ಘನ ಮೀಟರಿಗಿಂತ ಕೆಳಗಿದ್ದರೇ ತೀವ್ರ ಕೊರತೆ ಎನ್ನುತ್ತಾರೆ. ಅದರ ಮೇಲೆ ಇನ್ನೊಂದು ತೊಡಕು. ಜನ ಇರುವುದು ಬೆಟ್ಟದ ಮೇಲೆ, ನೀರು ಇರುವುದು ಕಣಿವೆಯಲ್ಲಿ, ಇಲ್ಲವೇ ದೂರದ ಮರುಭೂಮಿಯಲ್ಲಿ. ದಕ್ಷಿಣದ ದಿಸಿ ಎಂಬ ಜಾಗದಿಂದ ಅಮ್ಮಾನಿಗೆ 2013ರಲ್ಲಿ ನೀರು ತರಲು ಶುರು ಮಾಡಿದರು. 325 ಕಿಲೋಮೀಟರ್ ಪೈಪು. ಅದೂ ಸಾವಿರಾರು ವರ್ಷ ನೆಲದಡಿ ಕೂಡಿಕೊಂಡ ನೀರು. ತೆಗೆದಷ್ಟೂ ಖಾಲಿ, ಮತ್ತೆ ತುಂಬುವುದಿಲ್ಲ. ದೇಶದ ಕರೆಂಟಿನಲ್ಲಿ ನೂರಕ್ಕೆ ಸುಮಾರು 15 ಪಾಲು ನೀರೆತ್ತುವುದಕ್ಕೇ ಹೋಗುತ್ತದೆ. ಇದನ್ನು ಕೇಳಿದ ಮೇಲೆ ಲೋಟದ ನೀರು ನನಗೆ ಬೇರೆ ಥರ ಕಾಣತೊಡಗಿತು.

ಮಾರನೇ ದಿನ ಸಾಲ್ಟ್ ಊರಿನ ಕಡೆಯಿಂದ ಜೋರ್ಡಾನ್ ಕಣಿವೆಗೆ ಇಳಿದೆವು. ತಿರುವಿನ ಮೇಲೆ ತಿರುವು, ಕಿವಿ ಗುಂಯ್ ಎನ್ನುತ್ತಿತ್ತು. ಸಮುದ್ರಮಟ್ಟವನ್ನು ದಾಟಿಯೂ ರಸ್ತೆ ಇಳಿಯುತ್ತಲೇ ಹೋಯಿತು. ಮೇಲೆ ಸ್ವೆಟರ್ ಹಾಕಿದ್ದ ನಾವು ಕೆಳಗೆ ಬರುವಷ್ಟರಲ್ಲಿ ಬೆವರುತ್ತಿದ್ದೆವು. "ನಾವು ಇಳೀತಾ ಇದ್ದೀವಿ, ಈ ಗುಡ್ಡದೊಳಗೆ ನೀರು ಹತ್ತುತಾ ಇದೆ" ಎಂದರು ಡ್ರೈವರ್. ಮಾತು ನಿಜ. ದೇರ್ ಅಲ್ಲಾ ಎಂಬಲ್ಲಿ ಕಿಂಗ್ ಅಬ್ದುಲ್ಲಾ ಕಾಲುವೆಯಿಂದ ನೀರೆತ್ತಿ, ಪಂಪಿನಿಂದ ಪಂಪಿಗೆ ದಾಟಿಸುತ್ತಾ, ಝಾಯಿ ಎಂಬಲ್ಲಿ ಶುದ್ಧ ಮಾಡಿ ಅಮ್ಮಾನಿಗೆ ಕೊಡುತ್ತಾರೆ. ಆ ನೀರು ಹತ್ತುವ ಎತ್ತರ ಸಾವಿರ ಮೀಟರಿಗೂ ಜಾಸ್ತಿ.

ನನ್ನನ್ನು ನಿಜಕ್ಕೂ ಹಿಡಿದು ನಿಲ್ಲಿಸಿದ್ದು ಇದರ ಎದುರು ದಾರಿ. ಅಮ್ಮಾನಿನಲ್ಲಿ ಬಳಸಿದ ನೀರು ಅಸ್ಸಮ್ರಾ ಎಂಬ ಶುದ್ಧೀಕರಣ ಘಟಕಕ್ಕೆ ಇಳಿಜಾರಿನಲ್ಲಿ ತಾನೇ ಹರಿದು ಹೋಗುತ್ತದೆ. ಇದು 2008ರಲ್ಲಿ ಶುರುವಾಯಿತು. ಕೊಳಚೆ ನೀರು ಬೀಳುವ ರಭಸಕ್ಕೆ ಟರ್ಬೈನ್ ತಿರುಗುತ್ತದೆ. ಶುದ್ಧವಾಗಿ ಹೊರಗೆ ಹೋಗುವಾಗ ಇನ್ನೊಮ್ಮೆ ತಿರುಗುತ್ತದೆ. ಉಳಿದ ಕೆಸರಿನಿಂದ ಅನಿಲ, ಅನಿಲದಿಂದ ಕರೆಂಟು. ಘಟಕಕ್ಕೆ ಬೇಕಾದ ವಿದ್ಯುತ್ತಿನ ಬಹುಪಾಲು ಅಲ್ಲೇ ಹುಟ್ಟುತ್ತದೆ. ಆಮೇಲೆ ಆ ನೀರು ಜರ್ಕಾ ನದಿ ಸೇರಿ, ಕಿಂಗ್ ತಲಾಲ್ ಅಣೆಕಟ್ಟಿನಲ್ಲಿ ನಿಂತು, ಕಣಿವೆಯ ಹೊಲಗಳಿಗೆ ಇಳಿಯುತ್ತದೆ. ಹೊಸ ನೀರು ಕುಡಿಯುವುದಕ್ಕೆ ಮೇಲೆ, ಬಳಸಿದ ನೀರು ಬೆಳೆಯುವುದಕ್ಕೆ ಕೆಳಗೆ. ಕೊಟ್ಟು ತೆಗೆದುಕೊಳ್ಳುವ ಇಂಥ ಲೆಕ್ಕವನ್ನು ಒಂದು ದೇಶವೇ ಕೂತು ಹಾಕಿದೆಯಲ್ಲ ಎಂದು ಮನಸ್ಸು ತುಂಬಿ ಬಂತು.

ಆ ನೀರು ಕುಡಿದ ಒಂದು ಹೊಲದಲ್ಲಿ ಅರ್ಧ ದಿನ ಕಳೆದೆವು. ಪ್ಲಾಸ್ಟಿಕ್ ಹೊದೆಸಿದ ಉದ್ದನೆಯ ಮನೆಗಳೊಳಗೆ ಸೌತೆಕಾಯಿ ಬಳ್ಳಿ. ರೈತ ಮಂಡಿಯೂರಿ ಕೂತು ಕಪ್ಪು ಡ್ರಿಪ್ ಪೈಪನ್ನು ಎತ್ತಿ ತೋರಿಸಿದರು. ತೂತಿನ ತುದಿಯಲ್ಲಿ ಒಂದು ಹನಿ ಉಬ್ಬಿತು, ತೂಗಿತು, ಬಿತ್ತು. ಅದು ಬಿದ್ದ ಜಾಗ ಒದ್ದೆ. ಒದ್ದೆಯ ಅಂಚಿಗೆ ಬಳೆಯ ಹಾಗೆ ಬಿಳಿ ಗೆರೆ. ಬೆರಳಲ್ಲಿ ಒತ್ತಿದರೆ ಹಪ್ಪಳದಂತೆ ಮುರಿಯಿತು. ಉಪ್ಪು. ಶುದ್ಧ ಮಾಡಿದರೂ ಈ ನೀರಿನಲ್ಲಿ ಉಪ್ಪು ಉಳಿಯುತ್ತದೆ. ಆಗಾಗ ಜಾಸ್ತಿ ನೀರು ಬಿಟ್ಟು ಅದನ್ನು ಬೇರಿನಿಂದ ಕೆಳಗೆ ತಳ್ಳಬೇಕಂತೆ. ಉಳಿಸುವುದಕ್ಕೆಂದೇ ಡ್ರಿಪ್ ಹಾಕಿ, ಕೊನೆಗೆ ಉಪ್ಪು ತೊಳೆಯಲು ಒಂದಿಷ್ಟು ನೀರು ಬಿಡಲೇಬೇಕು. "ಗೊಬ್ಬರ ಮಾತ್ರ ಕಡಿಮೆ ಸಾಕು, ನೀರಲ್ಲೇ ಬರುತ್ತೆ" ಎಂದು ನಕ್ಕರು. ಉಪ್ಪನ್ನು ತಾಳಿಕೊಳ್ಳುವ ಖರ್ಜೂರವನ್ನು ಹೊಲದ ಆ ಬದಿಗೆ ನೆಟ್ಟಿದ್ದರು.

ಗುರುವಾರ ಅಮ್ಮಾನಿನಿಂದ ಸುಮಾರು 100 ಕಿಲೋಮೀಟರ್ ಪೂರ್ವಕ್ಕೆ, ಅಝ್ರಕ್‌ಗೆ ಹೋದೆವು. ಕಪ್ಪು ಕಲ್ಲಿನ ಮರುಭೂಮಿ ನಡುವೆ ಒಂದು ಕಾಲಕ್ಕೆ ದೊಡ್ಡ ಜೌಗು ಇದ್ದ ಜಾಗ ಅದು. ಊರುಗಳಿಗೂ ಹೊಲಗಳಿಗೂ ನೀರೆತ್ತಿ ಎತ್ತಿ 1992ರಲ್ಲಿ ಅಲ್ಲಿನ ಬುಗ್ಗೆಗಳು ಬತ್ತಿಹೋದವು. ಈಗ ಪಂಪಿನಿಂದ ನೀರು ಬಿಟ್ಟು ಹತ್ತರಲ್ಲಿ ಒಂದು ಪಾಲನ್ನು ಉಳಿಸಿಕೊಂಡಿದ್ದಾರೆ. ಮರದ ಸೇತುವೆ ಮೇಲೆ ನಿಂತರೆ ಜೊಂಡಿನ ನಡುವೆ ಎಮ್ಮೆಗಳು! ಮರುಭೂಮಿಯಲ್ಲಿ ಎಮ್ಮೆ ಕಂಡು ನಾವಿಬ್ಬರೂ ಒಟ್ಟಿಗೆ ಕೂಗಿದೆವು. ಜೊಂಡು ಮೇದು ನೀರಿನ ಜಾಗ ಬಿಡಿಸಿಕೊಡುವುದೇ ಅವುಗಳ ಕೆಲಸ. ಇಲ್ಲಿ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಪುಟ್ಟ ಪಟ್ಟೆ ಮೀನೊಂದು ಕಾಲ ಕೆಳಗೇ ಸುಳಿಯಿತು.

ಅಲ್ಲಿಂದ ಹೊರಟಾಗ ರಸ್ತೆ ಬದಿಯ ಆಲಿವ್ ತೋಟಗಳಲ್ಲಿ ಸೋಲಾರ್ ಫಲಕಗಳು ಮಿನುಗುತ್ತಿದ್ದವು. ಎಲ್ಲಾ ಬೋರ್‌ವೆಲ್ ಪಂಪಿಗೆ. ಮೊದಲಿಗೆ ಖುಷಿಯಾಯಿತು. ಆಮೇಲೆ ಯೋಚನೆ ಹತ್ತಿತು. ಡೀಸೆಲ್ ಖರ್ಚಿನ ಭಯಕ್ಕಾದರೂ ಮೋಟಾರ್ ನಿಲ್ಲುತ್ತಿತ್ತು. ಬಿಸಿಲಿಗೆ ಬಿಲ್ ಬರುವುದಿಲ್ಲ. ಬೆಳಗಿನಿಂದ ಸಂಜೆವರೆಗೂ ಸುಮ್ನೆ ಓಡುತ್ತಿದ್ದರೆ ತಡೆಯುವವರು ಯಾರು? ಕರೆಂಟಿನ ಸಮಸ್ಯೆ ತೀರಿತು ಅಂದುಕೊಳ್ಳುವಷ್ಟರಲ್ಲಿ ನೀರಿನದು ಇನ್ನಷ್ಟು ಆಳಕ್ಕೆ ಹೋಗಿರುತ್ತದೆ, ಅಲ್ವಾ? ಫಲಕದ ಜೊತೆಗೆ ಬೋರ್‌ವೆಲ್ಲಿಗೆ ಮೀಟರೂ ಬರಲೇಬೇಕು, ಅದನ್ನು ಓದುವವರೂ ಇರಬೇಕು ಎಂದು ನನಗೆ ಬಲವಾಗಿ ಅನ್ನಿಸಿತು.

ಮುಂದಿನ ಮಂಗಳವಾರ ನಮ್ಮ ಕೊನೆಯ ರಾತ್ರಿ. ಎರಡು ಗಂಟೆಗೆ ಗೋಡೆಯೊಳಗಿನ ಪೈಪು ಗೊರಗೊರ ಎಂದಿತು. ಮೊದಲು ಬರೀ ಗಾಳಿ, ಆಮೇಲೆ ಸದ್ದು ಗಟ್ಟಿಯಾಯಿತು. ಮೆಟ್ಟಿಲ ಮೇಲೆ ಚಪ್ಪಲಿ ಸಪ್ಪಳ ಕೇಳಿ ನಾನೂ ಹಿಂದೆಯೇ ಹೋದೆ. ಊರಿಡೀ ಮಲಗಿತ್ತು, ನಮ್ಮ ಬೀದಿಯ ತಾರಸಿಗಳಲ್ಲಿ ಮಾತ್ರ ಅಲ್ಲಲ್ಲಿ ಟಾರ್ಚ್ ಬೆಳಕು. ಮನೆಯೊಡತಿ ಶಾಲು ಹೊದ್ದು, ಟ್ಯಾಂಕಿಗೆ ಕಿವಿಯಿಟ್ಟು ನಿಂತಿದ್ದರು. ನನ್ನನ್ನು ಕಂಡು ಪಕ್ಕಕ್ಕೆ ಸರಿದು, ನೀನೇ ತಟ್ಟು ಎಂದು ಸನ್ನೆ ಮಾಡಿದರು. ತಟ್ಟುತ್ತಾ ಬಂದೆ. ಭುಜದ ಎತ್ತರದಲ್ಲಿ ಟೊಳ್ಳು ಸದ್ದು ನಿಂತಿತು.

"ಇನ್ನೊಂದು ಗೇಣು" ಎಂದು ಕೈಯಲ್ಲಿ ತೋರಿಸಿ, ಅಲ್ಲೇ ಒಂದು ಕುರ್ಚಿ ಎಳೆದುಕೊಂಡು ಕೂತರು.