ನಲ್ಲಿ ಬಂತು, ಭೇದಿ ನಿಲ್ಲಲಿಲ್ಲ

ಕೊಳೆಗೇರಿ ಸುಧಾರಣೆ ಯೋಜನೆಯಲ್ಲಿ ಆರೋಗ್ಯದ ಸರ್ವೆ ಮಾಡೋದು ನನ್ನ ಕೆಲಸ. ಕಾಮಗಾರಿ ಶುರುವಾಗುವ ಮುಂಚೆ ಒಂದು ಸಲ, ಮುಗಿದ ಮೇಲೆ ಒಂದು ಸಲ ಮನೆಮನೆಗೂ ಹೋಗುತ್ತೇವೆ. ‘ಕಳೆದ ಎರಡು ವಾರದಲ್ಲಿ ಮಕ್ಕಳಿಗೆ ಭೇದಿ ಆಗಿತ್ತಾ?’ ಫಾರ್ಮಿನ ಮೊದಲ ಪ್ರಶ್ನೆಯೇ ಇದು.

ಒಂದು ಕಡೆ ಮೊದಲ ಸಲ ಹೋದಾಗ ಬೀದಿ ನಲ್ಲಿ ಮುಂದೆ ಕೊಡಗಳ ಸಾಲಿತ್ತು. ಎರಡನೇ ಸಲ ಹೋದಾಗ ಪ್ರತಿ ಮನೆಗೂ ನಲ್ಲಿ ಬಂದಿತ್ತು, ಓಣಿಗೆ ಕಾಂಕ್ರೀಟ್ ಬಿದ್ದಿತ್ತು. ಫೋಟೋ ತೆಗೆದರೆ ಬಹಳ ಚೆನ್ನಾಗಿ ಕಾಣುತ್ತಿತ್ತು. ಆದರೆ ಭೇದಿಯ ಲೆಕ್ಕ ಹೆಚ್ಚುಕಮ್ಮಿ ಮೊದಲಿನಷ್ಟೇ. ಜನ ಸರಿಯಾಗಿ ಉತ್ತರ ಕೊಡ್ತಿಲ್ಲ ಅಂದುಕೊಂಡೆ. ತಪ್ಪನ್ನು ಅವರ ಮೇಲೆ ಹಾಕಿಬಿಡೋದು ಸುಲಭ ಅಲ್ವಾ?

ಬಿಸಿಲಲ್ಲಿ ಸುತ್ತಿ ಸುಸ್ತಾಗಿ ಒಂದು ಮನೆಯಲ್ಲಿ ನೀರು ಕೇಳಿದೆ. ಆಕೆ ನಲ್ಲಿಯ ಹತ್ತಿರ ಹೋಗಲೇ ಇಲ್ಲ. ಮೂಲೆಯ ಡ್ರಮ್ಮಿನ ಮೇಲಿದ್ದ ಹಲಗೆ ಸರಿಸಿದರು. ಅಷ್ಟರಲ್ಲಿ ಹೊರಗೆ ಆಡುತ್ತಿದ್ದ ಮಗ ಓಡಿಬಂದು, ತೇಲುತ್ತಿದ್ದ ಮಗ್ ಹಿಡಿಯಲು ಮೊಣಕೈವರೆಗೂ ಕೈ ಅದ್ದಿದ. ಎರಡು ಗುಟುಕು ಕುಡಿದು, ಉಳಿದದ್ದನ್ನು ವಾಪಸ್ ಡ್ರಮ್ಮಿಗೇ ಸುರಿದು ಓಡಿದ.

‘ನಲ್ಲಿ ಇದೆಯಲ್ಲಕ್ಕಾ?’ ಅಂದೆ.

‘ಇದೆ. ನೀರು ಬರೋದು ಎರಡು ದಿನಕ್ಕೊಮ್ಮೆ, ಅದೂ ಒಂದು ಗಂಟೆ.’

ಅವತ್ತು ಫಾರ್ಮ್ ಚೀಲಕ್ಕೆ ಹಾಕಿ ಸುಮ್ನೆ ನೋಡುತ್ತಾ ನಡೆದೆ. ಕೆಲವು ಕಡೆ ನೀರಿನ ಪೈಪು ಚರಂಡಿಯ ಒಳಗೇ ಹಾದು ಹೋಗಿತ್ತು. ನೀರು ನಿಂತಾಗ ಪೈಪಿನಲ್ಲಿ ಒತ್ತಡ ಇರೋದಿಲ್ಲ. ಸಣ್ಣ ಬಿರುಕಿದ್ದರೂ ಸಾಕು, ಹೊರಗಿನ ಕೊಳಚೆ ಒಳಗೆ ಎಳೆದುಕೊಳ್ಳುತ್ತದೆ. ಮತ್ತೆ ನೀರು ಬಿಟ್ಟಾಗ ಮೊದಲು ಬರೋದು ಅದೇ. ಹಿಡಿದಿಟ್ಟ ನೀರಿಗೆ ಮುಚ್ಚಳ ಬಿಗಿಯಾಗಿಲ್ಲದಿದ್ದರೆ ಡೆಂಗ್ಯೂ ಸೊಳ್ಳೆಗೆ ಅನುಕೂಲ. ಅದರ ಮೊಟ್ಟೆ ಡ್ರಮ್ಮಿನ ಒಳಗೋಡೆಗೆ ಅಂಟಿಕೊಳ್ಳುತ್ತದೆ, ಬರೀ ನೀರು ಚೆಲ್ಲಿದರೆ ಹೋಗೋದಿಲ್ಲ, ಉಜ್ಜಬೇಕು. ನೀರು ಯಾವಾಗ ಬರುತ್ತೋ ಗೊತ್ತಿಲ್ಲದವರು ಡ್ರಮ್ ಖಾಲಿ ಮಾಡಿ ಉಜ್ಜುತ್ತಾರಾ?

ಕಾಂಕ್ರೀಟಿನ ಕಥೆ ಇನ್ನೂ ಬೇರೆ. ಹಳೆಯ ನೆಲ ಅಗೆಯದೆ ಅದರ ಮೇಲೇ ಸುರಿದಿದ್ದರು. ಓಣಿ ಎತ್ತರವಾಯಿತು, ಹೊಸಿಲು ತಗ್ಗಾಯಿತು. ಮಳೆ ಬಂದರೆ ಚರಂಡಿ ನೀರು ನೇರ ಮನೆಯೊಳಗೆ.

ಹಾಗಂತ ಸುಧಾರಣೆಯೇ ದಂಡ ಅಂತ ನಾನು ಹೇಳುತ್ತಿಲ್ಲ. ಮೆಕ್ಸಿಕೋದ ಕೊವಾವಿಲಾ ರಾಜ್ಯದಲ್ಲಿ 2000ದಲ್ಲಿ ಬಡವರ ಮನೆಗಳ ಮಣ್ಣಿನ ನೆಲಕ್ಕೆ ಸಿಮೆಂಟ್ ಹಾಕಿಸುವ ಕೆಲಸ ಶುರುವಾಯಿತು. ಆಮೇಲೆ ಅಳೆದು ನೋಡಿದವರ ಲೆಕ್ಕದಲ್ಲಿ, ಮನೆಯ ನೆಲ ಪೂರ್ತಿ ಸಿಮೆಂಟಾದರೆ ಚಿಕ್ಕ ಮಕ್ಕಳ ಹೊಟ್ಟೆಹುಳುವಿನ ಕಾಟ ಶೇ. 78ರಷ್ಟು, ಭೇದಿ ಶೇ. 49ರಷ್ಟು ಕಡಿಮೆ. ತಾಯಂದಿರ ಮನಸ್ಸಿನ ಒತ್ತಡವೂ ಇಳಿದಿತ್ತು. ಅಂಬೆಗಾಲಿಡುವ ಮಗು ಇಡೀ ದಿನ ಇರೋದು ನೆಲದ ಮೇಲೇ ತಾನೇ? ರೋಗ ಬರುವ ದಾರಿ ಎಲ್ಲಿದೆಯೋ ಅಲ್ಲೇ ಮುಚ್ಚಿದ್ದರು. ನಾವು ಒಂದು ದಾರಿ ಅರ್ಧ ಮುಚ್ಚಿ, ಇನ್ನೊಂದನ್ನು ತೆರೆದಿದ್ದೆವು.

ಮೊರಾಕ್ಕೋದ ಟಾಂಜಿಯರ್ ಊರಿನ ಅಧ್ಯಯನ ಇನ್ನೂ ಸ್ವಾರಸ್ಯ. ಅಲ್ಲಿ ಮನೆಗಳಿಗೆ ನಲ್ಲಿ ಬಂದ ಮೇಲೂ ನೀರಿನಿಂದ ಬರುವ ಕಾಯಿಲೆ ಕಡಿಮೆಯಾಗಲಿಲ್ಲ. ಆದರೆ ನೀರು ಹೊರುವ ಹೊತ್ತು ಉಳಿಯಿತು, ನೀರಿನ ಜಗಳ ಕಡಿಮೆಯಾಯಿತು, ಜನ ಜಾಸ್ತಿ ನೆಮ್ಮದಿಯಾಗಿದ್ದರು. ಅದನ್ನು ಓದಿದಾಗ ನನಗೆ ನಮ್ಮ ಫಾರ್ಮ್ ನೆನಪಾಗಿ ಮುಜುಗರವಾಯಿತು.

ಯಾಕಂದರೆ ಆವತ್ತು ಡ್ರಮ್ಮಿನ ಮನೆಯಿಂದ ಹೊರಡುವಾಗ ಆಕೆ ನನ್ನನ್ನು ತಡೆದಿದ್ದರು. ‘ಕೊಡ ಹೊರೋದು ತಪ್ಪಿದ ಮೇಲೆ ಸೊಂಟನೋವು ಹೋಯ್ತು. ಅದನ್ನ ಎಲ್ಲಿ ಬರ್ಕೊಂಡ್ರಿ?’

ಫಾರ್ಮಿನ ಹಿಂದೆ ಮುಂದೆ ತಿರುಗಿಸಿದೆ. ಅದಕ್ಕೆ ಜಾಗವೇ ಇರಲಿಲ್ಲ. ಪಕ್ಕದ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಬರೆದುಕೊಂಡೆ.