ಟೊಮೆಟೊ ಡಬ್ಬಿಗಳ ಮೇಲೆ ಕೇಸು

ಊರಲ್ಲಿ ಅಮ್ಮ ಸಾರಿಗೆ ಟೊಮೆಟೊ ಹೆಚ್ಚುವಾಗ ಪ್ರತಿ ಹಣ್ಣನ್ನೂ ಸೀಳಿ ಒಳಗೆ ನೋಡುತ್ತಾರೆ. ಕಪ್ಪು ಕಂಡರೆ ಅಷ್ಟು ಭಾಗ ತೆಗೆಯುತ್ತಾರೆ. ಹುಳ ಕಂಡರೆ ಇಡೀ ಹಣ್ಣು ಹೊರಗೆ. ಇಲ್ಲಿ ಅಮೆರಿಕದ ಮೇರಿಲ್ಯಾಂಡಿನಲ್ಲಿ ಚಳಿಗಾಲದ ಟೊಮೆಟೊಗೆ ರುಚಿಯೇ ಇರುವುದಿಲ್ಲ. ಹಾಗಾಗಿ ನಮ್ಮ ಮನೆಯ ಸಾರಿಗೆ ಡಬ್ಬಿಯದ್ದೇ ಗತಿ. "ಒಳಗೆ ಏನಿದೆ ಅಂತ ನೋಡದೇನೇ ಹೆಂಗೆ ತಗೋತೀಯೋ?" ಅಂತ ಅಮ್ಮ ಫೋನಿನಲ್ಲಿ ಕೇಳಿದರು.

ನೂರು ವರ್ಷದ ಹಿಂದೆ ಇಲ್ಲಿನವರಿಗೂ ಇದೇ ಚಿಂತೆ ಇತ್ತು. ಆಗ ನಮ್ಮ ಪಕ್ಕದ ಬಾಲ್ಟಿಮೋರ್ ಡಬ್ಬಿ ಆಹಾರಕ್ಕೆ ದೊಡ್ಡ ಊರು. ಅಲ್ಲಿನ ಬಂದರಿನಲ್ಲಿ ಸಿಂಪಿಯನ್ನು (ಆಯ್ಸ್ಟರ್) ಡಬ್ಬಿಗೆ ತುಂಬುತ್ತಿದ್ದ ಒಂದು ಹಳೇ ಕಾರ್ಖಾನೆ ಈಗ ಕೈಗಾರಿಕಾ ಮ್ಯೂಸಿಯಂ ಆಗಿದೆ. ಆ ಕಾಲದಲ್ಲಿ ಬಟಾಣಿ ಹಸಿರಾಗಿ ಕಾಣಲಿ ಅಂತ ತಾಮ್ರದ ಉಪ್ಪು ಹಾಕುತ್ತಿದ್ದರು. ಟೊಮೆಟೊ ಹಣ್ಣನ್ನು ಡಬ್ಬಿಗೆ ಹಾಕಿ ಉಳಿದ ಸಿಪ್ಪೆ, ತೊಟ್ಟಿನ ಭಾಗಗಳನ್ನು ಪೀಪಾಯಿಯಲ್ಲಿ ತುಂಬಿಟ್ಟು, ಅದು ಹುಳಿ ಬಂದ ಮೇಲೂ ಕುದಿಸಿ ಕೆಚಪ್ ಮಾಡುತ್ತಿದ್ದರು.

ಹಾರ್ವಿ ವೈಲಿ ಅನ್ನುವ ಸರ್ಕಾರಿ ರಸಾಯನಶಾಸ್ತ್ರಜ್ಞರು ವರ್ಷಗಟ್ಟಲೆ ಇದರ ವಿರುದ್ಧ ಕೂಗಿದರು. 1902ರಲ್ಲಿ ಹನ್ನೆರಡು ಜನ ಹುಡುಗರು ತಾವಾಗಿಯೇ ಮುಂದೆ ಬಂದು, ಅವರ ಮೇಜಿನಲ್ಲಿ ಕೂತು ಆಹಾರ ಕೆಡದಿರಲಿ ಅಂತ ಆಗ ಹಾಕುತ್ತಿದ್ದ ಬೋರಾಕ್ಸ್ ಅನ್ನುವ ರಾಸಾಯನಿಕ ಬೆರೆತ ಊಟ ಮಾಡಿದರು. ದೇಹಕ್ಕೆ ಏನಾಗುತ್ತದೆ ಅಂತ ನೋಡುವುದಕ್ಕೆ. ಆ ಹುಡುಗರ ಧೈರ್ಯ ನೆನೆದರೆ ನನಗೆ ಈಗಲೂ ಗೌರವ ಬರುತ್ತದೆ. 1906ರ ಜೂನ್ 30ರಂದು ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಶುದ್ಧ ಆಹಾರದ ಕಾನೂನಿಗೆ ಸಹಿ ಹಾಕಿದರು. 1907ರ ಜನವರಿ 1ರಿಂದ ಅದು ಜಾರಿಗೆ ಬಂತು.

ಜಾರಿ ಹೇಗೆ ನಡೆಯಿತು ಅನ್ನುವುದೇ ನನ್ನನ್ನು ಹಿಡಿದು ಕೂರಿಸಿದ್ದು. 1908ರಿಂದ ಬಂದ ತೀರ್ಪುಗಳ ಚಿಕ್ಕ ಚಿಕ್ಕ ವರದಿಗಳು ಬೆಥೆಸ್ಡಾದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯದಲ್ಲಿವೆ. ಮನೆಯಲ್ಲೇ ಕೂತು ಕಂಪ್ಯೂಟರಿನಲ್ಲಿ ಓದಬಹುದು. ಜಪ್ತಿಯಾದ ಮಾಲಿನ ಕೇಸುಗಳಲ್ಲಿ ಒಂದು ಕಡೆ ಅಮೆರಿಕ ಸರ್ಕಾರ, ಇನ್ನೊಂದು ಕಡೆ ಇಷ್ಟು ಪೆಟ್ಟಿಗೆ ಟೊಮೆಟೊ! ಹೌದು, ಕೇಸು ಡಬ್ಬಿಗಳ ಮೇಲೆಯೇ. ಮಾಲೀಕ ಬಂದು ಇದು ನನ್ನದು ಅನ್ನದಿದ್ದರೆ, ಕೋರ್ಟು ಹೇಳಿದ ಹಾಗೆ ಮಾರ್ಷಲ್ ಅನ್ನುವ ಅಧಿಕಾರಿ ಅವನ್ನು ನಾಶ ಮಾಡುತ್ತಿದ್ದ, ಇಲ್ಲವೇ ಮಾರುತ್ತಿದ್ದ. ಕೆಟ್ಟ ಮಾಲು ಸಾಗಿಸಿದವರಿಗೆ ಮೊದಲ ಸಲ ಜಾಸ್ತಿ ಅಂದರೆ 200 ಡಾಲರ್ ದಂಡ. ದೊಡ್ಡ ಕಂಪನಿಗೆ ಅದು ಯಾವ ಲೆಕ್ಕ? ಮಾಲು ಹೋಗುವುದೇ ನಿಜವಾದ ಏಟು ಅಂತ ನನ್ನ ಅಭಿಪ್ರಾಯ.

ಆದರೆ ಅಧಿಕಾರಿಗಳಿಗೆ ಕಾರ್ಖಾನೆಯೊಳಗೆ ಕಾಲಿಡುವ ಹಕ್ಕೇ ಇರಲಿಲ್ಲ. ಅದು ಸಿಕ್ಕಿದ್ದು 1938ರ ಕಾನೂನಿನಿಂದ. ಅಲ್ಲಿವರೆಗೆ ಒಂದು ರಾಜ್ಯದಿಂದ ಇನ್ನೊಂದಕ್ಕೆ ಬಂದ ಮಾಲನ್ನು ಹಿಡಿದು, ಡಬ್ಬಿ ಒಡೆದು ಪರೀಕ್ಷೆ ಮಾಡಬೇಕಿತ್ತು. ಕುದಿಸಿ ಅರೆದ ಮೇಲೆ ಕೊಳೆತದ್ದು ಯಾವುದು, ಒಳ್ಳೆಯದು ಯಾವುದು ಅಂತ ಕಣ್ಣಿಗೆ ಗೊತ್ತಾಗುವುದಿಲ್ಲ ಅಲ್ವಾ? ಅದಕ್ಕೆ ದಾರಿ ಹುಡುಕಿದವರು ವೈಲಿಯವರ ಕಚೇರಿಯ ಹೋವರ್ಡ್. ಕುದಿಸಿದರೂ ಬೂಷ್ಟಿನ ಎಳೆಗಳು ಕರಗುವುದಿಲ್ಲ. ಸೂಕ್ಷ್ಮದರ್ಶಕದಲ್ಲಿ ನೂರು ಜಾಗ ನೋಡಿದರೆ ಎಷ್ಟು ಕಡೆ ಆ ಎಳೆ ಕಾಣುತ್ತದೆ ಅಂತ ಅವರು ಎಣಿಸಿದರು. 1911ರಲ್ಲಿ ಬಂದ ಆ ಲೆಕ್ಕ ಇಂದಿಗೂ ಅವರ ಹೆಸರಲ್ಲೇ ಇದೆ.

ಇದನ್ನೆಲ್ಲ ಅಮ್ಮನಿಗೆ ಹೇಳಿದೆ. ಸುಮ್ನೆ ಕೇಳಿಸಿಕೊಂಡರು. ಆಮೇಲೆ, "ನೂರರಲ್ಲಿ ಎಷ್ಟು ಕಡೆ ಬೂಷ್ಟು ಇದ್ರೆ ಬಿಡ್ತಾರೆ?" ಅಂದರು. ನೋಡಿ ಹೇಳಿದೆ. ಡಬ್ಬಿ ಟೊಮೆಟೊಗೆ ಆರು ಮಾದರಿಗಳ ಸರಾಸರಿ 15 ಮುಟ್ಟಿ, ಒಂದೊಂದು ಮಾದರಿಯಲ್ಲೂ 12ಕ್ಕಿಂತ ಜಾಸ್ತಿ ಇದ್ದರೆ ಸರ್ಕಾರದ ಕ್ರಮ. ಸೊನ್ನೆ ಅಲ್ಲ. ಅದನ್ನೂ ಮುಚ್ಚಿಡದೆ ಹೇಳಿದೆ.