ಸೋದರಮಾವನಿಗೆ ಎಷ್ಟು ತಿಂಗಳು? ನನ್ನ ಚೀನೀ ಬಳಗದ ಪಟ ಎಲ್ಲಿಗೆ ಬಂತು

ನಮ್ಮ ಮನೆಯ ಹಜಾರದ ಗೋಡೆಗೆ ನಾಲ್ಕು ಡ್ರಾಯಿಂಗ್ ಶೀಟ್ ಸೇರಿಸಿ ಅಂಟಿಸಿದ್ದೇನೆ. ನಡುವೆ "ನಾನು" ಅಂತ ಒಂದು ಚೌಕ. ಅದರ ಸುತ್ತ ಅಪ್ಪನ ಕಡೆಯವರು, ಅಮ್ಮನ ಕಡೆಯವರು, ಅವರ ಮಕ್ಕಳು, ಮದುವೆಯಿಂದ ಬಂದ ನಂಟರು. ಪ್ರತಿ ಚೌಕದಲ್ಲೂ ಮೇಲೆ ಚೀನೀ ಅಕ್ಷರ, ಕೆಳಗೆ ಕನ್ನಡದ ಹೆಸರು. ಮೂಲೆಯಲ್ಲಿ ಕೆಂಪು ಶಾಯಿಯಲ್ಲಿ ಒಂದು ಅಂಕಿ. ಆ ನಂಟರು ತೀರಿಕೊಂಡರೆ ತಾಂಗ್ ರಾಜರ ಕಾಲದ ಚೀನಾದಲ್ಲಿ ಮನೆಮಗ ಎಷ್ಟು ತಿಂಗಳು ಶೋಕದ ಬಟ್ಟೆ ಉಡಬೇಕಿತ್ತು ಅನ್ನುವುದೇ ಆ ಅಂಕಿ. ಐದು ತಿಂಗಳಿಂದ ಈ ಕೆಲಸ ನಡೀತಾ ಇದೆ. ಎಲ್ಲಿಗೆ ಬಂತು ಅಂತ ಬರೆದಿಡುತ್ತೇನೆ.

ಮೊದಲ ತಿಂಗಳು

ನಾನು ಓದಲು ಹೊರಟಿದ್ದು ಕಾನೂನನ್ನು. ತಾಂಗ್ ಸಂಹಿತೆ ಚೀನಾದಲ್ಲಿ ಪೂರ್ತಿಯಾಗಿ ಉಳಿದು ಬಂದಿರುವ ಅತಿ ಹಳೆಯ ಕಾನೂನು ಸಂಹಿತೆ. ಈಗ ಸಿಗುವ ವ್ಯಾಖ್ಯಾನ 653ರಲ್ಲಿ ಸಿದ್ಧವಾಯಿತು. ಒಟ್ಟು 502 ಕಲಮುಗಳು, 12 ಭಾಗಗಳು. ವಾಲೇಸ್ ಜಾನ್ಸನ್ ಅವರ ಇಂಗ್ಲಿಷ್ ಅನುವಾದ ಎರಡು ಸಂಪುಟಗಳಲ್ಲಿ ಬಂದಿದೆ, 1979ರಲ್ಲಿ ಒಂದು, 1997ರಲ್ಲಿ ಇನ್ನೊಂದು. ಅದನ್ನು ಪಕ್ಕದಲ್ಲಿಟ್ಟುಕೊಂಡು ಮೂಲವನ್ನು ಅಕ್ಷರ ಅಕ್ಷರವಾಗಿ ಬಿಡಿಸುತ್ತಾ ಹೋದೆ.

ಹತ್ತು ಪುಟ ದಾಟುವಷ್ಟರಲ್ಲಿ ಒಂದು ವಿಷಯ ಅರ್ಥವಾಯಿತು. ಈ ಕಾನೂನಿನಲ್ಲಿ ಏನು ಮಾಡಿದೆ ಅನ್ನುವುದರ ಜೊತೆಗೆ ಯಾರಿಗೆ ಮಾಡಿದೆ ಅನ್ನುವುದೂ ಅಷ್ಟೇ ಮುಖ್ಯ. ಜಗಳದಲ್ಲಿ ಹೊರಗಿನವನಿಗೆ ಕೈಯಿಂದ ಹೊಡೆದರೆ ತೆಳು ಬೆತ್ತದಲ್ಲಿ 40 ಏಟು. ಅದೇ ಕೈ ಒಡಹುಟ್ಟಿದ ಅಣ್ಣನ ಮೇಲೋ ಅಕ್ಕನ ಮೇಲೋ ಎತ್ತಿದರೆ ಎರಡೂವರೆ ವರ್ಷ ಕಠಿಣ ದುಡಿಮೆ. ಅಪ್ಪ ಅಮ್ಮನನ್ನು ಬೈದರೆ ಕತ್ತು ಹಿಸುಕಿ ಕೊಲ್ಲುವ ಶಿಕ್ಷೆ. ಹೊಡೆದರೆ ತಲೆ ಹೋಯಿತು.

ಆದರೆ ಕಳ್ಳತನದಲ್ಲಿ ಲೆಕ್ಕ ತಿರುಗಿ ನಿಲ್ಲುತ್ತದೆ. ನೆಂಟರ ಮನೆಯಲ್ಲಿ ಕದ್ದರೆ ಶಿಕ್ಷೆ ಕಡಿಮೆ. ನೆಂಟಸ್ತಿಕೆ ಹತ್ತಿರವಾದಷ್ಟೂ ಇನ್ನೂ ಕಡಿಮೆ. ಬಳಗದೊಳಗಿನ ಸೊತ್ತು ಒಂದು ರೀತಿಯಲ್ಲಿ ಎಲ್ಲರದ್ದೂ ಅನ್ನುವ ಭಾವನೆ ಅದರ ಹಿಂದೆ ಇದೆ ಅಂತ ನನಗೆ ಅನ್ನಿಸುತ್ತದೆ.

ಹತ್ತಿರ ದೂರ ಅಂತ ಅಳೆಯುವುದು ಹೇಗೆ? ಅದಕ್ಕೆ ಅವರ ಅಳತೆಗೋಲು ಶೋಕದ ಬಟ್ಟೆ. ಒಟ್ಟು ಐದು ದರ್ಜೆ. ಮೇಲಿನ ದರ್ಜೆಯದ್ದು ಅಂಚು ಹೊಲಿಯದ ಒರಟು ಸೆಣಬಿನ ಬಟ್ಟೆ, ಮೂರು ವರ್ಷ. ಹೇಳುವುದು ಮೂರು ವರ್ಷ ಆದರೂ ತಾಂಗ್ ಕಾಲದ ಲೆಕ್ಕದಲ್ಲಿ 27 ತಿಂಗಳು. ಆಮೇಲೆ ಒಂದು ವರ್ಷ, ಒಂಬತ್ತು ತಿಂಗಳು, ಐದು ತಿಂಗಳು, ಮೂರು ತಿಂಗಳು. ದೂರ ಹೋದ ಹಾಗೆ ಬಟ್ಟೆ ನಯವಾಗುತ್ತಾ ಬರುತ್ತದೆ. ಇದು ನಮ್ಮ ಸೂತಕದ ಹಾಗೆ ಮೈಲಿಗೆಯ ವಿಷಯ ಅಲ್ಲ. ಸತ್ತವರಿಗೆ ನಾವು ಎಷ್ಟು ಋಣಿ ಅನ್ನುವುದನ್ನು ಮೈಮೇಲೆ ಹೊತ್ತು ತೋರಿಸುವುದು.

ಈ ಐದು ದರ್ಜೆ ತಲೆಯಲ್ಲಿ ಕೂರದೆ ಕಾನೂನು ಓದುವುದಕ್ಕೇ ಆಗುವುದಿಲ್ಲ. ಹಾಗಾಗಿ ಪಟ ಬರೆಯಲು ಕೂತೆ.

ಎರಡನೇ ತಿಂಗಳು

ಮೊದಲು ಇಂಗ್ಲಿಷ್ ಹೆಸರು ಬರೆದುಕೊಂಡು ಆಮೇಲೆ ಚೀನೀ ಹೆಸರು ತುಂಬಿಸುತ್ತಿದ್ದೆ. ತುಂಬಾ ಕಷ್ಟವಾಯಿತು. ಅಂಕಲ್ ಅನ್ನುವ ಒಂದು ಚೌಕದೊಳಗೆ ಐದು ಬೇರೆ ಬೇರೆ ಅಕ್ಷರ ಬಂದು ಕೂರುತ್ತಿದ್ದವು. ಒಂದು ಸಂಜೆ ಅಮ್ಮ ಬಂದು ನೋಡಿ, "ಇದೇನೇ, ಎಲ್ಲಾ ಅಂಕಲ್ ಆಂಟಿ ಅಂತ ಬರ್ದಿದೀಯ, ನಮ್ಮಲ್ಲಿ ಹೆಸರಿಲ್ವಾ?" ಅಂದರು. ಅವತ್ತೇ ಇಂಗ್ಲಿಷ್ ಅಳಿಸಿದೆ.

ಕನ್ನಡ ಹಾಕಿದ ಮೇಲೆ ಕೆಲಸ ಓಡತೊಡಗಿತು. ಅಪ್ಪನ ಅಣ್ಣ ಪೋಪೊ, ನಮ್ಮ ದೊಡ್ಡಪ್ಪ. ಅಪ್ಪನ ತಮ್ಮ ಶೂಶು, ನಮ್ಮ ಚಿಕ್ಕಪ್ಪ. ಅಪ್ಪನ ಅಕ್ಕ ತಂಗಿಯರು ಕೂಕು, ನಮ್ಮ ಸೋದರತ್ತೆ. ಅಮ್ಮನ ಅಣ್ಣ ತಮ್ಮಂದಿರು ಚ್ಯೋಚ್ಯೋ, ನಮ್ಮ ಸೋದರಮಾವ. ಅಮ್ಮನ ಅಕ್ಕ ತಂಗಿಯರು ಯೀ. ಅಲ್ಲಿ ಮಾತ್ರ ನಾವು ದೊಡ್ಡಮ್ಮ ಚಿಕ್ಕಮ್ಮ ಅಂತ ಇನ್ನೊಂದು ಭಾಗ ಮಾಡುತ್ತೇವೆ. ಅಣ್ಣ, ತಮ್ಮ, ಅಕ್ಕ, ತಂಗಿ ನಾಲ್ಕಕ್ಕೂ ಅವರಲ್ಲೂ ನಾಲ್ಕು ಬೇರೆ ಪದ. ಬ್ರದರ್ ಎಂದರೆ ಅಣ್ಣನೋ ತಮ್ಮನೋ ಅಂತ ಕೇಳಬೇಕಾದ ಕಷ್ಟ ಇಲ್ಲವೇ ಇಲ್ಲ.

ಉಚ್ಚಾರದ ಬಗ್ಗೆ ಒಂದು ಮಾತು. ಚೀನೀ ಭಾಷೆಯನ್ನು ರೋಮನ್ ಲಿಪಿಯಲ್ಲಿ ಬರೆಯುವ ಪಿನ್‌ಯಿನ್ 1958ರಲ್ಲಿ ಜಾರಿಗೆ ಬಂತು. ಅದರಲ್ಲಿ ಬಿ ಅಕ್ಷರ ಕಂಡರೆ ನಾವು ಬ ಅಂತ ಓದಿಬಿಡುತ್ತೇವೆ. ನಿಜವಾಗಿ ಅದು ಪ. ಪಿ ಅಕ್ಷರ ಕಂಡರೆ ಅದು ಫ, ಅಂದರೆ ಪ ಅಕ್ಷರದ ಮಹಾಪ್ರಾಣ. ಹಾಗೇ ಜಿ ಅಕ್ಷರ ಕ, ಕೆ ಅಕ್ಷರ ಖ. ಅಲ್ಪಪ್ರಾಣ ಮಹಾಪ್ರಾಣ ಅಂತ ಒಂದನೇ ಕ್ಲಾಸಿನಲ್ಲಿ ಬಾಯಿಪಾಠ ಮಾಡಿದ ನಮಗೆ ಇದು ಸಲೀಸು. ನಾನು ಮೊದಲು ಗೂಗು, ಬೋಬೊ ಅಂತ ಬರೆದು ಒಂದು ಹಾಳೆ ಪೂರ್ತಿ ತುಂಬಿಸಿದ್ದೆ. ಎಲ್ಲವನ್ನೂ ತಿದ್ದಿ ಮತ್ತೆ ಬರೆದೆ. ರಾಜರ, ವಂಶಗಳ ಹೆಸರನ್ನು ಮಾತ್ರ ರೂಢಿಯಾದ ಹಾಗೇ ಬಿಟ್ಟಿದ್ದೇನೆ.

ಅಕ್ಷರ ಬರೆಯುವುದನ್ನು ಚೌಕುಳಿ ಲೆಕ್ಕದ ನೋಟ್‌ಬುಕ್ಕಿನಲ್ಲಿ ಅಭ್ಯಾಸ ಮಾಡುತ್ತೇನೆ. ಸೋದರಮಾವನ ಅಕ್ಷರ ನನಗೆ ಬಹಳ ಇಷ್ಟ. ಹದಿಮೂರು ಗೆರೆ. ಮೇಲೆ ಒರಳು, ಕೆಳಗೆ ಗಂಡು. ಆ ಗಂಡು ಅನ್ನುವ ಅಕ್ಷರವೂ ಎರಡು ತುಂಡು: ಮೇಲೆ ಗದ್ದೆ, ಕೆಳಗೆ ಬಲ. ಒರಳು ಅಲ್ಲಿ ಇರುವುದು ಚ್ಯೋ ಅನ್ನುವ ಸದ್ದು ಹೇಳುವುದಕ್ಕೆ, ಅರ್ಥಕ್ಕಲ್ಲ. ಆದರೂ ಕೈಗೆ ಅದು ಒರಳೇ. ಬಾಯಿ ಅಗಲ, ತಳ ಗಟ್ಟಿ, ಒಳಗೆ ಎರಡು ಕಡೆ ಹಲ್ಲಿನ ಹಾಗೆ ಪುಟ್ಟ ಗೆರೆ. ಆ ಎರಡು ಪುಟ್ಟ ಗೆರೆಗಳ ನಡುವೆ ಜಾಗ ಬಿಡುವುದು ಕಲಿಯಲು ನನಗೆ ಒಂದು ವಾರ ಬೇಕಾಯಿತು.

ಮೂರನೇ ತಿಂಗಳು

ಇಲ್ಲಿ ಎಡವಿದೆ. ಮಕ್ಕಳ ಸಾಲು ಹಾಕುವಾಗ ಕನ್ನಡದ ಲೆಕ್ಕವನ್ನೇ ಹಾಕಿಬಿಟ್ಟೆ. ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳು ಮತ್ತು ದೊಡ್ಡಮ್ಮ ಚಿಕ್ಕಮ್ಮನ ಮಕ್ಕಳು ನಮಗೆ ಅಣ್ಣತಮ್ಮ ಅಕ್ಕತಂಗಿಯರು. ಅತ್ತೆಯ ಮಕ್ಕಳು, ಮಾವನ ಮಕ್ಕಳು ಬೇರೆ, ಅವರು ಮದುವೆ ಮಾತು ಬರಬಹುದಾದವರು. ಚೀನಿಯರ ಗೆರೆ ಬೇರೆ ಕಡೆ ಬೀಳುತ್ತದೆ. ಅಪ್ಪನ ಅಣ್ಣತಮ್ಮಂದಿರ ಮಕ್ಕಳಷ್ಟೇ ಥಾಂಗ್, ಅಂದರೆ ಒಂದೇ ಹಜಾರದವರು, ಒಂದೇ ಮನೆತನದ ಹೆಸರಿನವರು. ಉಳಿದ ಎಲ್ಲರೂ, ಚಿಕ್ಕಮ್ಮನ ಮಕ್ಕಳೂ ಸೇರಿ, ಪ್ಯಾವ್. ಅಂದರೆ ಹೊರಗಿನವರು. ಶೋಕದ ಲೆಕ್ಕದಲ್ಲಿ ಥಾಂಗ್ ಅಣ್ಣನಿಗೆ ಒಂಬತ್ತು ತಿಂಗಳು, ಪ್ಯಾವ್ ಅಣ್ಣನಿಗೆ ಮೂರೇ.

ಎರಡು ಹಾಳೆ ಕಿತ್ತು ಹೊಸದಾಗಿ ಬರೆದೆ. ಅಮ್ಮನ ಅಪ್ಪ ಅಮ್ಮನ ಹೆಸರಿಗೂ ಅವರು "ಹೊರ" ಅನ್ನುವ ಅಕ್ಷರ ಸೇರಿಸುತ್ತಾರೆ, ಇವತ್ತಿಗೂ. ಅಪ್ಪನ ಕಡೆಯ ಅಜ್ಜಿಗೆ ಒಂದು ವರ್ಷ, ಹೊರಗಿನ ಅಜ್ಜಿಗೆ ಐದು ತಿಂಗಳು. ಕೆಂಪು ಅಂಕಿ ಬರೆಯುವಾಗ ನನ್ನ ಕೈ ಸ್ವಲ್ಪ ತಡೆಯಿತು. ನನ್ನನ್ನು ಬೆಳೆಸಿದ್ದು ಅಮ್ಮನ ಅಮ್ಮ.

ನಾಲ್ಕನೇ ತಿಂಗಳು

ಅಮ್ಮ ಈಗ ದಿನಾ ಸಂಜೆ ಬಂದು ನೋಡುತ್ತಾರೆ. ಸೋದರಮಾವನ ಚೌಕದಲ್ಲಿ ಮೂರು ಅಂತ ಬರೆದಿದ್ದೆ. "ಸೋದರಮಾವಂಗೆ ಮೂರೇ ತಿಂಗಳಾ? ಮತ್ತೆ ಚಿಕ್ಕಮ್ಮಂಗೆ ಐದು ಹಾಕಿದೀಯ?"

ಅಮ್ಮನ ಪ್ರಶ್ನೆ ಸರಿಯಾಗಿಯೇ ಇತ್ತು. ಸುಮಾರು 1,400 ವರ್ಷದ ಹಿಂದೆ ಚೀನಾದ ಚಕ್ರವರ್ತಿಯೂ ಅದನ್ನೇ ಕೇಳಿದ್ದ. 640ರಲ್ಲಿ ತೈಜೋಂಗ್ ತನ್ನ ವಿದ್ವಾಂಸರ ಮುಂದೆ ಎರಡು ವಿಷಯ ಇಟ್ಟ. ಒಂದು: ಒಂದೇ ಒಲೆಯಲ್ಲಿ ಉಂಡವರಿಗೂ ಮೂರು ತಿಂಗಳ ಶೋಕ ಇದೆ, ಆದರೆ ಅತ್ತಿಗೆ ಮೈದುನರ ನಡುವೆ ಏನೂ ಇಲ್ಲ. ಎರಡು: ತಾಯಿಯ ಅಣ್ಣತಮ್ಮ, ತಾಯಿಯ ಅಕ್ಕತಂಗಿ ಇಬ್ಬರೂ ಅಷ್ಟೇ ಹತ್ತಿರ, ಆದರೆ ಶೋಕ ಬೇರೆ ಬೇರೆ. ಇದು ಸರಿಯಲ್ಲ ಅಂದ. ಚರ್ಚೆ ನಡೆದು ಸೋದರಮಾವನಿಗೂ ಐದು ತಿಂಗಳಾಯಿತು, ಅತ್ತಿಗೆಗೂ ಐದು ತಿಂಗಳಾಯಿತು. ಅಮ್ಮನಿಗೆ ಇದನ್ನು ಓದಿ ಹೇಳಿದೆ. ಮೂರನ್ನು ಹೊಡೆದು ಐದು ಮಾಡಿದೆ. ಹೊಡೆದ ಮೂರು ಹಾಗೇ ಕಾಣುವಂತೆ ಬಿಟ್ಟಿದ್ದೇನೆ. ಪಟದಲ್ಲಿ ಇತಿಹಾಸವೂ ಇರಲಿ.

ನಾವು ಶಾಲೆಯಲ್ಲಿ ಓದಿದ ಹ್ಯೂಯೆನ್ ತ್ಸಾಂಗ್ ಇದ್ದಾನಲ್ಲ, ಇಮ್ಮಡಿ ಪುಲಕೇಶಿಯ ರಾಜ್ಯ ನೋಡಿ ಬರೆದವನು, ಅವನು ದಖ್ಖನ್ನಿನಲ್ಲಿ ತಿರುಗಾಡಿದ್ದು ಸರಿಸುಮಾರು ಅದೇ ಹೊತ್ತಿಗೆ. 645ರಲ್ಲಿ ಅವನು ಹಿಂತಿರುಗಿದ್ದು ಇದೇ ತೈಜೋಂಗ್‌ನ ರಾಜಧಾನಿಗೆ.

ಇನ್ನೊಂದು ತಿದ್ದುಪಡಿಯೂ ಪಟದಲ್ಲಿ ಬಂದಿದೆ. ಅಪ್ಪ ಬದುಕಿರುವಾಗ ಅಮ್ಮ ತೀರಿಕೊಂಡರೆ ಮೊದಲು ಒಂದೇ ವರ್ಷ. 674ರಲ್ಲಿ ಆಗಿನ ಮಹಾರಾಣಿ, ಮುಂದೆ ತಾನೇ ಪಟ್ಟಕ್ಕೇರಿದ ವೂ ಜೆಟಿಯನ್, ತಾಯಿಗೂ ಮೂರು ವರ್ಷ ಆಗಬೇಕು ಅಂತ ಕೇಳಿ ಒಪ್ಪಿಸಿದಳು.

ಐದನೇ ತಿಂಗಳು

ಈ ತಿಂಗಳು ಸಿಕ್ಕಿದ್ದನ್ನು ಹೇಳುವುದಕ್ಕೇ ಇಷ್ಟೆಲ್ಲ ಬರೆದೆ ಅಂದರೂ ಸರಿ.

ಮದುವೆಯಿಂದ ಬಂದ ನಂಟರ ಹಾಳೆ ಖಾಲಿ ಇತ್ತು. ಇವತ್ತಿನ ಚೀನೀಯಲ್ಲಿ ಗಂಡನ ಅಪ್ಪ ಕೊಂಗ್‌ಕೊಂಗ್, ಗಂಡನ ಅಮ್ಮ ಫೋಫೊ. ಆದರೆ ತಾಂಗ್ ಸಂಹಿತೆಯಲ್ಲಿ ಸೊಸೆಯ ವಿಷಯ ಬಂದಾಗ ಬೇರೆಯೇ ಎರಡು ಅಕ್ಷರ ಜೋಡಿಯಾಗಿ ಬರುತ್ತಿದ್ದವು. ಮೊದಲ ಸಲ ಕಂಡಾಗ ನಾನು ತಪ್ಪು ಓದಿದೆ ಅಂದುಕೊಂಡೆ. ಒರಳು ಮತ್ತು ಗಂಡು, ಚ್ಯೋ. ಹೆಣ್ಣು ಮತ್ತು ಹಳೆಯದು, ಕೂ. ಸೋದರಮಾವ, ಸೋದರತ್ತೆ. ಗಂಡನ ಅಪ್ಪ ಅಮ್ಮನಿಗೆ ಅದೇ ಎರಡು ಪದ!

ಮಾವ, ಅತ್ತೆ.

ಹಿಂದಕ್ಕೆ ಹುಡುಕಿಕೊಂಡು ಹೋದೆ. ಎರ್‌ಯಾ ಎಂಬ ಚೀನಾದ ಅತಿ ಹಳೆಯ ಪದಕೋಶದಲ್ಲಿ ನಂಟರ ಹೆಸರಿಗೆಂದೇ ಒಂದು ಅಧ್ಯಾಯ ಇದೆ. ಕ್ರಿಸ್ತಪೂರ್ವದ ಪುಸ್ತಕ. ಹೆಂಡತಿ ಗಂಡನ ಅಪ್ಪನನ್ನು ಚ್ಯೋ ಅನ್ನುತ್ತಾಳೆ, ಗಂಡನ ಅಮ್ಮನನ್ನು ಕೂ ಅನ್ನುತ್ತಾಳೆ ಅಂತ ಅಲ್ಲಿ ನೇರವಾಗಿ ಬರೆದಿದೆ. ಹೆಂಡತಿಯ ಅಪ್ಪ ಹೊರಗಿನ ಚ್ಯೋ, ಹೆಂಡತಿಯ ಅಮ್ಮ ಹೊರಗಿನ ಕೂ. ಮುಂದಿನ ಸಾಲು ಇನ್ನೂ ಚೆನ್ನ. ಅತ್ತೆಯ ಮಗ ಶಂಗ್. ಮಾವನ ಮಗ ಶಂಗ್. ಹೆಂಡತಿಯ ಅಣ್ಣತಮ್ಮ ಶಂಗ್. ಅಕ್ಕತಂಗಿಯರ ಗಂಡ ಶಂಗ್.

ಅಮ್ಮನನ್ನು ಕರೆದು ನಾಲ್ಕನ್ನೂ ಒಂದೊಂದಾಗಿ ಕೇಳಿದೆ. ಅತ್ತೆ ಮಗನಿಗೆ ಏನಂತೀವಿ? "ಭಾವ. ಚಿಕ್ಕವನಾದ್ರೆ ಭಾವಮೈದ." ಮಾವನ ಮಗ? "ಅದೇ." ಹೆಂಡತಿಯ ಅಣ್ಣ? "ಅದೇ ಅಲ್ವಾ, ಭಾವ." ಅಕ್ಕನ ಗಂಡ? ಅಮ್ಮ ನನ್ನ ಮುಖ ನೋಡಿ ನಕ್ಕರು.

ಅತ್ತೆ ಮಾವನ ಮಕ್ಕಳ ಜೊತೆ ಮದುವೆ ನಡೆಯುವ ಕಡೆ ಮಾವ ಅನ್ನುವ ಒಂದು ಪದ ಎರಡು ಕೆಲಸ ಮಾಡುತ್ತದೆ, ಏಕೆಂದರೆ ಇಬ್ಬರೂ ಒಬ್ಬರೇ ಆಗಿರುತ್ತಾರೆ. ಹಳೆಯ ಚೀನಾದಲ್ಲೂ ಹಾಗೇ ಇತ್ತು ಅಂತ ಫ್ರಾನ್ಸಿನ ಮಾರ್ಸೆಲ್ ಗ್ರಾನೆ 1930ರ ದಶಕದಲ್ಲಿ ವಾದಿಸಿದ್ದರು. ಒಪ್ಪದವರೂ ಇದ್ದಾರೆ. ಅದಕ್ಕೂ ಮೊದಲು, 1871ರಲ್ಲಿ, ಅಮೆರಿಕದ ಲೂಯಿಸ್ ಹೆನ್ರಿ ಮಾರ್ಗನ್ ಲೋಕದ ನಾನಾ ಭಾಷೆಗಳ ನಂಟರ ಹೆಸರು ಕೂಡಿಸಿ ಒಂದು ದೊಡ್ಡ ಗ್ರಂಥ ತಂದರು. ಅದರಲ್ಲಿ ಕನ್ನಡದ ಪಟ್ಟಿಯೂ ಇದೆ, ಚೀನೀ ಪಟ್ಟಿಯೂ ಇದೆ. ನಾನು ಗೋಡೆಯ ಮೇಲೆ ಮಾಡುತ್ತಿರುವುದನ್ನು ಒಬ್ಬರು ಆಗಲೇ ಶುರು ಮಾಡಿದ್ದರು ಅಂತ ತಿಳಿದು ಸಂತೋಷವಾಯಿತು.

ಕಾನೂನು ಈ ಮದುವೆಗಳನ್ನು ಹೇಗೆ ನೋಡಿತು ಅನ್ನುವುದಕ್ಕೆ ಪಟದ ಕೆಳಗೆ ಒಂದು ಉದ್ದ ಪಟ್ಟಿ ಅಂಟಿಸಿದ್ದೇನೆ. ತಾಂಗ್ ಸಂಹಿತೆಯಲ್ಲಿ ಒಂದೇ ಮನೆತನದ ಹೆಸರಿನವರು ಮದುವೆಯಾದರೆ ಎರಡು ವರ್ಷ ದುಡಿಮೆಯ ಶಿಕ್ಷೆ. ಸಗೋತ್ರ ಕೂಡದು ಅಂತ ನಮ್ಮಲ್ಲಿ ಹೇಳುತ್ತಾರಲ್ಲ, ಅದರ ಹಾಗೆ. ಸೋದರಮಾವ ಅಕ್ಕನ ಮಗಳನ್ನು ಮದುವೆಯಾಗುವುದೂ ಅಪರಾಧ, ಏಕೆಂದರೆ ತಲೆಮಾರು ಬೇರೆ. ಅಲ್ಲಿ ಅವರ ದಾರಿ ನಮ್ಮದಲ್ಲ. ಅತ್ತೆ ಮಾವನ ಮಕ್ಕಳ ಮದುವೆಗೆ ಮಾತ್ರ ತಡೆ ಇರಲಿಲ್ಲ. ಮಿಂಗ್ ಕಾಲದಲ್ಲಿ ಅದಕ್ಕೂ ದಪ್ಪ ಬೆತ್ತದ 80 ಏಟು, ಮೇಲೆ ವಿಚ್ಛೇದನ. ಚಿಂಗ್ ಕಾಲದಲ್ಲಿ ಆ ಕಲಮು ಉಳಿಯಿತು, ಜೊತೆಗೆ ಜನರ ಅನುಕೂಲಕ್ಕೆ ಬಿಡಬಹುದು ಅಂತ ಉಪನಿಯಮ ಬಂತು. 1950ರ ಮದುವೆ ಕಾನೂನು ಇದನ್ನು ರೂಢಿಗೆ ಬಿಟ್ಟಿತು. 1980ರ ಕಾನೂನು ಪೂರ್ತಿ ನಿಲ್ಲಿಸಿತು. 2021ರಿಂದ ಜಾರಿಯಲ್ಲಿರುವ ನಾಗರಿಕ ಸಂಹಿತೆಯಲ್ಲೂ ತಡೆ ಇದೆ.

ಪಕ್ಕದಲ್ಲೇ ನಮ್ಮದನ್ನೂ ಬರೆದಿದ್ದೇನೆ. 1955ರ ಹಿಂದೂ ವಿವಾಹ ಕಾಯ್ದೆ ಈ ಮದುವೆಗಳನ್ನು ನಿಷೇಧದ ಪಟ್ಟಿಗೆ ಸೇರಿಸಿ, ಇಬ್ಬರ ಕಡೆಯ ರೂಢಿಯಲ್ಲಿ ಇದ್ದರೆ ಆಗಬಹುದು ಅನ್ನುತ್ತದೆ. ಐದು ವರ್ಷದ ಅಂತರದಲ್ಲಿ ಎರಡು ದೇಶಗಳು ರೂಢಿ ಅನ್ನುವ ಒಂದೇ ಮಾತಿಗೆ ಬಂದು ನಿಂತವು, ಆಮೇಲೆ ಬೇರೆ ಬೇರೆ ಕಡೆ ಹೋದವು.

ಈಗ ಬಾಕಿ ಇರುವುದು

ಮದುವೆಯಾದ ಹೆಣ್ಣಿನ ಲೆಕ್ಕ ಪೂರ್ತಿ ಬೇರೆ, ಅದಕ್ಕೆ ಇನ್ನೊಂದು ಪಟ ಬೇಕು. ಮದುವೆಯಾಗಿ ಹೋದ ಸೋದರತ್ತೆಗೆ ಒಂದು ವರ್ಷದ ಶೋಕ ಒಂಬತ್ತು ತಿಂಗಳಿಗೆ ಇಳಿಯುತ್ತದೆ, ಅದೊಂದನ್ನು ಮಾತ್ರ ಈಗ ಗುರುತು ಮಾಡಿದ್ದೇನೆ.

ಮತ್ತೊಂದು ಯೋಚನೆ ಇದೆ. 1980ರಿಂದ 2015ರವರೆಗೆ ಚೀನಾದಲ್ಲಿ, ಅದರಲ್ಲೂ ನಗರಗಳಲ್ಲಿ, ಒಂದೇ ಮಗು ಅನ್ನುವ ನಿಯಮ ಇತ್ತು. ಒಬ್ಬನೇ ಮಗ, ಒಬ್ಬಳೇ ಮಗಳು ಮದುವೆಯಾಗಿ ಹುಟ್ಟಿದ ಮಗುವಿಗೆ ಚ್ಯೋಚ್ಯೋ ಇಲ್ಲ, ಕೂಕು ಇಲ್ಲ, ಪೋಪೊ ಇಲ್ಲ, ಯೀ ಇಲ್ಲ. ಅಂಥ ಮಗುವನ್ನು ನಡುವೆ ಇಟ್ಟು ಇದೇ ಅಳತೆಯಲ್ಲಿ ಒಂದು ಹಾಳೆ ಬರೆಯಬೇಕು. ಚೌಕಗಳನ್ನೆಲ್ಲ ಹಾಕಿ ಖಾಲಿ ಬಿಡುತ್ತೇನೆ.

ನಿನ್ನೆ ಸಂಜೆ ಅಮ್ಮ ಬ್ರಷ್ ಪೆನ್ ಕೇಳಿದರು. ಸೋದರಮಾವನ ಅಕ್ಷರವನ್ನು ಗೆರೆ ಗೆರೆಯಾಗಿ ಹೇಳಿಕೊಟ್ಟೆ. ಹದಿಮೂರೂ ಬಂದವು. ಒರಳು ಎಡಕ್ಕೆ ಸ್ವಲ್ಪ ವಾಲಿದೆ, ಗದ್ದೆ ದೊಡ್ಡದಾಗಿದೆ. ಕೆಳಗೆ ಕನ್ನಡದಲ್ಲಿ ತಮ್ಮ ತಮ್ಮನ ಹೆಸರು ಬರೆದರು. ನನ್ನ ಅಕ್ಷರದ ಮೇಲೆ ಅದನ್ನೇ ಅಂಟಿಸಿದೆ.